ದೂರದ ಶ್ವೇತಭವನವೂ ಹತ್ತಿರದ ಕಚೇರಿಯೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷನು ಬೆಳಗ್ಗೆ ಮೊದಲು ಯಾರೊಡನೆ ಮಾತನಾಡುತ್ತಾನೆ, ಅವನ ಕೋಣೆಯ ಬಾಗಿಲಲ್ಲಿ ಒಳಗೆ ಬಿಡತಕ್ಕವನಾರು, ಹೊರಗೆ ತಡೆಯತಕ್ಕವನಾರು, ಯಾವ ಸಹಾಯಕನಿಗೆ ಯಾವ ಸಹಾಯಕನ ಮೇಲೆ ಮತ್ಸರ—ಇವೆಲ್ಲವೂ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ವಿದ್ಯಾವಂತ ಮನೆಗಳಲ್ಲಿ ಈಗ ಕಾಫಿಯ ಹೊತ್ತಿನ ಮಾತಾಗಿವೆ. ಇದು ತಪ್ಪೆಂದು ಹೇಳುವಂತಿಲ್ಲ. ಮಗನೋ ಮಗಳೋ ಆ ದೇಶದಲ್ಲಿ ಉದ್ಯೋಗದಲ್ಲಿರುವ ಮನೆಗೆ ಅಲ್ಲಿಯ ರಾಜ್ಯಭಾರದ ಸುದ್ದಿಯು ಮನೆಯ ಸುದ್ದಿಯೇ ಸರಿ. ಆದರೆ ಅದೇ ಮನೆಯ ಯಜಮಾನರನ್ನು, ತಮ್ಮ ತಾಲೂಕು ಕಚೇರಿಯಲ್ಲಿ ಒಂದು ಅರ್ಜಿಯು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ಎಷ್ಟು ದಿನ ಮಲಗುತ್ತದೆ, ಮಲಗಿದ್ದಕ್ಕೆ ಕಾರಣವನ್ನು ಯಾರು ಬರೆದಿಡುತ್ತಾರೆ ಎಂದು ಕೇಳಿದರೆ ಉತ್ತರ ದೊರೆಯುವುದಿಲ್ಲ. “ಅದಕ್ಕೆಲ್ಲ ಒಬ್ಬರು ಇದ್ದಾರೆ, ಅವರೇ ಓಡಾಡಿ ಮಾಡಿಸಿ ಕೊಡುತ್ತಾರೆ” ಎಂಬುದೇ ಉತ್ತರ. ಸಾವಿರಾರು ಮೈಲುಗಳಾಚೆಯ ಅರಮನೆಯ ಒಳಮನೆ ಗೊತ್ತು. ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿಯ ಕಚೇರಿಯ ಜಗಲಿ ಗೊತ್ತಿಲ್ಲ.

ಈ ವಿಪರ್ಯಾಸಕ್ಕೆ ಕಾರಣವು ಕುತೂಹಲದ ಹೆಚ್ಚುಕಡಿಮೆಯೊಂದೇ ಅಲ್ಲ. ಶ್ವೇತಭವನದ ಒಳಗಿನ ದಿನವು ಲೋಕಕ್ಕೆ ತಿಳಿದಿರುವುದು ಅಲ್ಲಿಯ ಕಾಗದವು ಪ್ರಜೆಯ ಸೊತ್ತೆಂದು ಅಲ್ಲಿಯವರು ಹಟಹಿಡಿದು ಕಾನೂನು ಮಾಡಿಕೊಂಡುದರಿಂದ. ಇಲ್ಲಿಯ ಕಾಗದವೂ ಕಾನೂನಿನ ಮಟ್ಟಿಗೆ ಪ್ರಜೆಯ ಸೊತ್ತೇ. ಅದನ್ನು ಕೇಳತಕ್ಕ ವಿದ್ಯಾವಂತರು ಕೇಳುವುದನ್ನು ಬಿಟ್ಟಿದ್ದಾರೆ. ದೋಷವು ಕಚೇರಿಗಿಂತ ಮೊದಲು ಈ ಮನೆಗಳದ್ದು.

ಅಮೆರಿಕಾದಲ್ಲಿಯೂ ಈ ಕಟ್ಟಳೆಯು ಮೊದಲಿನಿಂದ ಇದ್ದುದಲ್ಲ. ಅಬ್ರಹಾಂ ಲಿಂಕನ್ನರ ಕಾಲದಲ್ಲಿ ಅಧ್ಯಕ್ಷನ ಕಚೇರಿಯೆಂದರೆ ನಿಕೊಲೆ ಮತ್ತು ಹೇ ಎಂಬ ಇಬ್ಬರು ತರುಣ ಕಾರ್ಯದರ್ಶಿಗಳು. ಅವರು ಅದೇ ಮನೆಯಲ್ಲಿ ವಾಸವಾಗಿದ್ದು, ಉದ್ಯೋಗ ಬೇಡುವುದಕ್ಕಾಗಿ ಮೆಟ್ಟಿಲ ತುಂಬ ನಿಂತ ಜನರನ್ನು ಸುಧಾರಿಸಬೇಕಾಗಿತ್ತು. ಅಧ್ಯಕ್ಷನು ಬದಲಾದರೆ ಅಂಚೆಯ ಪೇದೆಯವರೆಗೂ ನೌಕರಿ ಬದಲಾಗುವ ಪದ್ಧತಿ ಆಗ ಇತ್ತು. 1881ರಲ್ಲಿ ಉದ್ಯೋಗ ಸಿಗದ ಒಬ್ಬನು ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ಹಾರಿಸಿದನು, ಅವರು ತೀರಿಕೊಂಡರು. ಅದರ ಪರಿಣಾಮವಾಗಿ 1883ರಲ್ಲಿ ಪರೀಕ್ಷೆಯ ಮೂಲಕ ನೌಕರರನ್ನು ಆರಿಸುವ ಕಾಯಿದೆ ಬಂದಿತು. ಅಧ್ಯಕ್ಷನಿಗೆ ತಕ್ಕಷ್ಟು ಸಹಾಯಕರು ಬೇಕೆಂದು 1937ರಲ್ಲಿ ಒಂದು ಸಮಿತಿಯು ಹೇಳಿದ ಮೇಲೆ 1939ರಲ್ಲಿ ಅಧ್ಯಕ್ಷೀಯ ಕಾರ್ಯಾಲಯವು ವ್ಯವಸ್ಥಿತವಾಗಿ ಹುಟ್ಟಿತು. ಆದರೆ ಅಲ್ಲಿ ಹುಟ್ಟಿದ ಕಾಗದಗಳು ಆಗಲೂ ಅಧ್ಯಕ್ಷನ ಸ್ವಂತ ಸೊತ್ತಾಗಿಯೇ ಇದ್ದವು. ಲಿಂಕನ್ನರ ಕಾಗದಗಳನ್ನು ಅವರ ಮಗನು ಕಟ್ಟಿಟ್ಟನು. ಜನರು ಅವನ್ನು ನೋಡಲು 1947ರ ಜುಲೈ ತಿಂಗಳವರೆಗೆ ಕಾಯಬೇಕಾಯಿತು.

ಇದನ್ನು ಮುರಿದುದು ನಿಕ್ಸನ್ನರ ಪ್ರಕರಣ. 1971ರಿಂದ ಅವರ ಕೋಣೆಯ ಮಾತುಗಳು ಧ್ವನಿಮುದ್ರಣವಾಗುತ್ತಿದ್ದವು. ಅವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಬೇಕೆಂದು 1974ರ ಜುಲೈಯಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಏಕಮತದಿಂದ ತೀರ್ಪಿತ್ತಿತು. ಆಗಸ್ಟಿನಲ್ಲಿ ಅಧ್ಯಕ್ಷರು ಪದತ್ಯಾಗ ಮಾಡಿದರು. ಅದರ ಮೇಲೆ 1978ರಲ್ಲಿ, ಅಧ್ಯಕ್ಷನ ಅಧಿಕಾರದ ಕಾಗದಗಳೆಲ್ಲ ರಾಷ್ಟ್ರದ ಸೊತ್ತೆಂಬ ಕಾಯಿದೆಯಾಯಿತು. 1981ರ ಜನವರಿ 20ರಿಂದ ಹುಟ್ಟಿದ ಪ್ರತಿಯೊಂದು ಕಡತಕ್ಕೂ ಅದು ಅನ್ವಯಿಸುತ್ತದೆ. ಅಧ್ಯಕ್ಷನು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಲ್ಲಿಗೆ ಹೋದನು, ಯಾರನ್ನು ಕಂಡನು, ಯಾರಿಗೆ ಫೋನು ಮಾಡಿದನು ಎಂದು ಬರೆದಿಡುವುದಕ್ಕೆ ಒಬ್ಬ ದಿನಚರಿಕಾರನಿರುತ್ತಾನೆ. ಮೇಜಿಗೆ ಹೋಗುವ ಕಾಗದವು ಮೊದಲು ಒಬ್ಬ ಕಾರ್ಯದರ್ಶಿಯ ಕೈಯಿಂದ ಹಾದುಹೋಗಬೇಕು. ಯಾವ ಯಾವ ಇಲಾಖೆಯ ಅಭಿಪ್ರಾಯ ಬಂದಿದೆ, ಯಾರದು ಬಂದಿಲ್ಲ ಎಂಬುದನ್ನು ಅವನು ಗೊತ್ತುಮಾಡುತ್ತಾನೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅವನು ಶ್ವೇತಭವನದ ಶಿರಸ್ತೇದಾರ.

ಬಾಗಿಲು ಕಾಯುವವನ ನಡತೆಯೂ ಅಲ್ಲಿ ಲೆಕ್ಕಕ್ಕೆ ಸಿಕ್ಕುತ್ತದೆ. ಐಸನ್‌ಹೋವರರ ಪ್ರಧಾನ ಸಹಾಯಕರಾಗಿದ್ದ ಶರ್ಮನ್ ಆಡಮ್ಸ್ ಎಂಬವರು ಒಬ್ಬ ವ್ಯಾಪಾರಿಯಿಂದ ಬೆಲೆಬಾಳುವ ಉಣ್ಣೆಯ ನಿಲುವಂಗಿಯನ್ನು ಉಡುಗೊರೆಯಾಗಿ ಪಡೆದುದೂ, ಅವರ ಹೊಟೇಲಿನ ಬಿಲ್ಲುಗಳನ್ನು ಆ ವ್ಯಾಪಾರಿಯೇ ತೆತ್ತುದೂ 1958ರಲ್ಲಿ ಶಾಸನಸಭೆಯ ಉಪಸಮಿತಿಯ ವಿಚಾರಣೆಯಲ್ಲಿ ಹೊರಬಿದ್ದವು. ಅಧ್ಯಕ್ಷನ ಬಲಗೈಯೆನಿಸಿದ್ದ ಮನುಷ್ಯನು ಅದೇ ವರ್ಷ ಹುದ್ದೆಯನ್ನು ಬಿಡಬೇಕಾಯಿತು. ಒಂದು ಅಂಗಿ ಎಲ್ಲಿಂದ ಬಂತೆಂದು ಕೇಳುವ ಧೈರ್ಯವಿದ್ದ ಜನಕ್ಕೆ ಮಾತ್ರ ತಮ್ಮ ಅಧಿಕಾರಿಯ ದಿನಚರಿಯನ್ನು ಓದುವ ಯೋಗ್ಯತೆ ಬರುತ್ತದೆ.

ಆ ರಾಜ್ಯಭಾರದೊಳಗೆ ಕನ್ನಡದ ರಕ್ತವೂ ಸೇರಿದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ ಮೂರ್ತಿಯವರು 2014ರ ಡಿಸೆಂಬರಿನಿಂದ 2017ರವರೆಗೂ, ಪುನಃ 2021ರಿಂದ 2025ರವರೆಗೂ ಆ ದೇಶದ ಸರ್ಜನ್ ಜನರಲ್ ಆಗಿದ್ದರು. ಕನ್ನಡಿಗರು ಹಿಗ್ಗಿದರು, ಹಿಗ್ಗಬೇಕಾದುದೇ. ಆದರೆ ಆ ಹುದ್ದೆಯವನು ಆಸ್ಪತ್ರೆಯಲ್ಲಿ ಕತ್ತಿ ಹಿಡಿಯುವವನಲ್ಲ. ಸಮವಸ್ತ್ರದ ಸಾವಿರಾರು ಆರೋಗ್ಯಾಧಿಕಾರಿಗಳ ಮುಖ್ಯಸ್ಥನಾಗಿ ನಿಂತು, ಜನರಿಗೆ ಆರೋಗ್ಯದ ಎಚ್ಚರಿಕೆಯನ್ನು ಬಹಿರಂಗವಾಗಿ ಬರೆದು ಹೇಳತಕ್ಕವನು. 2023ರಲ್ಲಿ ಮೂರ್ತಿಯವರು ಒಂಟಿತನವೆಂಬುದು ದೇಹವನ್ನೂ ಕೆಡಿಸುವ ಪಿಡುಗೆಂದು ವರದಿ ಬರೆದರು. ಅದನ್ನು ಓದಿದ ಮನೆಗಳು ನಮ್ಮಲ್ಲಿ ಎಷ್ಟು? ಮಕ್ಕಳೆಲ್ಲ ಹೊರದೇಶಕ್ಕೆ ಹೋಗಿ ಮುದುಕರಿಬ್ಬರು ದೊಡ್ಡ ಮನೆಯನ್ನು ಕಾಯುತ್ತಿರುವ ಈ ಕರಾವಳಿಯಲ್ಲಿಯೇ ಅದನ್ನು ಮೊದಲು ಓದಬೇಕಾಗಿತ್ತು. ನಾವು ಹೆಸರಿನ ನಂಟನ್ನು ಎಣಿಸಿದೆವು, ಕೆಲಸವನ್ನು ಕೇಳಲಿಲ್ಲ. ದೂರದಲ್ಲಿ ತೋರಿದ ಈ ಸ್ವಭಾವವೇ ಹತ್ತಿರದಲ್ಲಿಯೂ ನಮ್ಮನ್ನು ಕೆಡಿಸಿರುವುದು. ತಹಶೀಲ್ದಾರರು ಯಾವ ಊರಿನವರು, ಯಾರ ಬಳಗದವರು ಎಂಬುದು ಅವರು ಬಂದ ವಾರದೊಳಗೆ ಗೊತ್ತಾಗುತ್ತದೆ. ಅವರ ಮೇಜಿನ ಮೇಲೆ ಎಷ್ಟು ತಕರಾರುಗಳು ಉಳಿದಿವೆ ಎಂಬುದು ಅವರು ವರ್ಗವಾಗಿ ಹೋದರೂ ಗೊತ್ತಾಗುವುದಿಲ್ಲ.

ಲೆಕ್ಕವನ್ನು ಬರೆದಿಟ್ಟು ಕಾಯುವುದು ಈ ನೆಲಕ್ಕೆ ಪರಕೀಯವೇ? ಬಾರಕೂರಿನ ಶಾಸನಗಳನ್ನು ನೋಡಬಹುದು. ವಿಜಯನಗರದ ಅರಸನ ಕೈಕೆಳಗೆ ಬಾರಕೂರು ರಾಜ್ಯವನ್ನಾಳಿದ ಒಡೆಯರ ಕಾಲದಲ್ಲಿ ಯಾವ ಭೂಮಿಯನ್ನು ಯಾರಿಗೆ, ಯಾವ ಎಲ್ಲೆಕಟ್ಟಿನೊಳಗೆ ಕೊಟ್ಟರೆಂಬುದನ್ನು ಕಲ್ಲಿನ ಮೇಲೆ ಕೆತ್ತಿ, ಜನರು ನಡೆದಾಡುವಲ್ಲಿ ನಿಲ್ಲಿಸಿದರು. ಈಗ ನಾವು ಕಚೇರಿಯ ಕಟ್ಟಿಗೆ ಹೇಳುವ ‘ಕಡತ’ವೆಂಬ ಮಾತೇ ನಮ್ಮದು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಮಡಿಕೆ ಹಾಕಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. 1799ರಲ್ಲಿ ಕೆನರಾ ಜಿಲ್ಲೆಯ ಕಲೆಕ್ಟರರಾಗಿ ಬಂದ ಥಾಮಸ್ ಮನ್ರೋ ಎಂಬವರು ಶ್ಯಾನುಭಾಗರ ಹಳೆಯ ಲೆಕ್ಕಗಳನ್ನು ಬಿಡಿಸಿ ನೋಡಿ, ಈ ಸೀಮೆಯಲ್ಲಿ ಭೂಮಿಯು ಒಕ್ಕಲಿನ ಸ್ವಂತ ಸೊತ್ತೆಂಬ ನಿರ್ಣಯಕ್ಕೆ ಬಂದರು. ಲೆಕ್ಕವು ಉಳಿದಿದ್ದುದರಿಂದ ಹಕ್ಕೂ ಉಳಿಯಿತು. ಆದರೆ ಆ ಕಡತಕ್ಕೆ ಒಂದು ದೋಷವಿತ್ತು: ಬಳಪದ ಬರಹವನ್ನು ಒರಸಿ ಪುನಃ ಬರೆಯಬಹುದಾಗಿತ್ತು. ಯಾರೂ ನೋಡದ ಲೆಕ್ಕವು ಯಾವ ಕಾಲದಲ್ಲಿಯೂ ಒರಸಬಹುದಾದ ಲೆಕ್ಕವೇ.

ಗಾರ್ಫೀಲ್ಡರು ಗುಂಡಿಗೆ ಬಲಿಯಾದ ಅದೇ 1881ರಲ್ಲಿ ಮೈಸೂರಿನ ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಸಂಸ್ಥಾನದ ಆಡಳಿತದ ವರದಿಯನ್ನು ಪ್ರಜೆಗಳ ಮುಂದೆ ಓದಿದರು. ಆಗ ಮದರಾಸು ಆಧಿಪತ್ಯದಲ್ಲಿದ್ದ ಕುಂದಾಪುರಕ್ಕೆ ಅಂತಹ ಭಾಗ್ಯವಿರಲಿಲ್ಲ. ಇಂದು ಹಾಗಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯು ಬಂದು ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರು ಅರ್ಜಿ ಹಿಡಿದು ನಿಂತಾಗ, ಅಕ್ಷರ ಬಾರದವನೂ ಗೇಣಿಚೀಟನ್ನು ಜೋಪಾನಮಾಡಿದ್ದರೆ ಗೆದ್ದನು. ಚೀಟಿಲ್ಲದವನು ನೆರೆಹೊರೆಯವರ ಸಾಕ್ಷಿಯನ್ನೇ ನಂಬಬೇಕಾಯಿತು. ಒಂದು ತುಂಡು ಕಾಗದದ ಬೆಲೆಯೇನೆಂಬುದನ್ನು ಈ ಮೂರು ತಾಲೂಕುಗಳ ಬಡವರು ಅಂದೇ ಕಲಿತರು. ವಿದ್ಯಾವಂತರು ಇನ್ನೂ ಕಲಿಯಬೇಕಾಗಿದೆ.

2018ರಲ್ಲಿ ಬೈಂದೂರು ಕುಂದಾಪುರದಿಂದಲೂ, ಬ್ರಹ್ಮಾವರ ಉಡುಪಿಯಿಂದಲೂ ಬೇರ್ಪಟ್ಟು ಸ್ವತಂತ್ರ ತಾಲೂಕುಗಳಾದವು. ಶಿರೂರಿನ ಮುದುಕಿಯು ಒಂದು ಪಹಣಿಯ ತಿದ್ದುಪಡಿಗಾಗಿ ಕುಂದಾಪುರದವರೆಗೆ ಬರಬೇಕಾದ ಕಷ್ಟ ತಪ್ಪಲೆಂಬುದೇ ಉದ್ದೇಶ. ಕಚೇರಿಯು ಹತ್ತಿರ ಬಂದಿತು, ನಿಜ. ಕಡತವು ಹತ್ತಿರ ಬಂದಿತೆ? ಅಣ್ಣತಮ್ಮಂದಿರ ಪಾಲಾದ ಮೇಲೆ ಪೋಡಿಯಾಗದೆ ನಿಂತ ಗದ್ದೆ, ಪಹಣಿಯಲ್ಲಿ ಹೆಸರೇರದ ಹೆಣ್ಣುಮಗಳ ಹಕ್ಕು, ಅಜ್ಜನ ಕಾಲದಿಂದ ಸೊಪ್ಪು ತರುತ್ತಿದ್ದ ಕುಮ್ಕಿಯ ಮೇಲಿನ ತಕರಾರು—ಇವು ಯಾವ ಮೇಜಿನ ಮೇಲೆ ಯಾಕೆ ನಿಂತಿವೆಯೆಂದು ಅರ್ಜಿದಾರನಿಗೆ ತಿಳಿಯದಿರುವವರೆಗೆ, ಕಚೇರಿಯು ಅವನ ಅಂಗಳದಲ್ಲಿದ್ದರೂ ದೂರವೇ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಶ್ವೇತಭವನವೇನು ಸತ್ಯಹರಿಶ್ಚಂದ್ರನ ಮನೆಯೆ? ನಿಕ್ಸನ್ನರ ಧ್ವನಿಮುದ್ರಣದಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿಹೋಗಿರಲಿಲ್ಲವೆ? ಟ್ರಂಪ್ ಅವರ ಮೊದಲ ಅವಧಿಯಲ್ಲಿ ಅಧ್ಯಕ್ಷರು ಹರಿದೆಸೆದ ಕಾಗದಗಳನ್ನು ಸಿಬ್ಬಂದಿಯು ಆಯ್ದು ಅಂಟಿಸಬೇಕಾಗಲಿಲ್ಲವೆ? ಆದುದೇನೋ ನಿಜ. ಆದರೆ ಅಂಟಿಸಿದುದೇಕೆ ಎಂಬುದನ್ನು ವಿಚಾರಿಸಬೇಕು. ಹರಿದ ಚೂರಾದರೂ ರಾಷ್ಟ್ರದ ಸೊತ್ತೆಂಬ ಕಾಯಿದೆ ಇದ್ದುದರಿಂದ. ಹದಿನೆಂಟೂವರೆ ನಿಮಿಷದ ಮೌನವು ಲೋಕಕ್ಕೆಲ್ಲ ಕೇಳಿಸಿದುದು ಅದರ ಹಿಂದುಮುಂದಿನ ಮಾತುಗಳು ಉಳಿದಿದ್ದುದರಿಂದ. ಏನನ್ನೂ ಬರೆದಿಡದ ಕಚೇರಿಯಲ್ಲಿ ಏನು ಅಳಿಸಿಹೋಯಿತೆಂದು ಯಾರು ಹೇಳಬಲ್ಲರು?

ಎಲ್ಲವನ್ನೂ ಬಯಲುಮಾಡಿದರೆ ಗುಮಾಸ್ತನು ನಿರ್ಭಯನಾಗಿ ಟಿಪ್ಪಣಿ ಬರೆಯಲಾರನೆಂಬುದು ಇನ್ನೊಂದು ವಾದ. ಅಮೆರಿಕಾದವರು ಇದಕ್ಕೂ ದಾರಿ ಕಂಡಿದ್ದಾರೆ. ಗುಟ್ಟಿನ ಸಲಹೆಗಳನ್ನು ಅಧ್ಯಕ್ಷನು ತನ್ನ ಅವಧಿ ಮುಗಿದ ಮೇಲೆ 12 ವರ್ಷಗಳವರೆಗೆ ಮುಚ್ಚಿಡಿಸಬಹುದು. ಅದು ಯುದ್ಧಸಂಧಾನಗಳ ವಿಷಯ. ಹೇರೂರಿನ ಒಂದು ಗದ್ದೆಯ ಮೋಜಣಿಯಲ್ಲಿ ಅಂತಹ ಯಾವ ರಾಜರಹಸ್ಯವಿದೆ?

ಮೂರನೆಯವರು, ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ, ಇನ್ನೇನು ಬೇಕು ಎನ್ನುತ್ತಾರೆ. ಭೂಮಿ ಯೋಜನೆಯಿಂದ ಪಹಣಿಯು ಸುಲಭವಾಗಿ ಕೈಗೆ ಸಿಗುವಂತಾದುದು ದೊಡ್ಡ ಉಪಕಾರವೇ. 2011ರ ಸಕಾಲ ಕಾಯಿದೆಯು ಪ್ರತಿ ಸೇವೆಗೂ ಇಂತಿಷ್ಟು ದಿನವೆಂದು ಕಟ್ಟು ಮಾಡಿ, ತಪ್ಪಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನು ಗೊತ್ತುಮಾಡಿತು. ಆದರೆ ಕೇಳದವನಿಗೆ ಪರಿಹಾರವೆಲ್ಲಿ? ಯಂತ್ರವು ಅರ್ಜಿ ಎಲ್ಲಿದೆಯೆಂದು ಹೇಳುತ್ತದೆ. ಅಲ್ಲಿ ಯಾಕೆ ಇದೆಯೆಂಬುದನ್ನು ಮನುಷ್ಯನೇ ಹೇಳಬೇಕು, ಮನುಷ್ಯನೇ ಕೇಳಬೇಕು.

ಕೇಳುವುದಕ್ಕೆ ಹೊಸ ಕಾಯಿದೆ ಬೇಡ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮು, ಪ್ರತಿಯೊಂದು ಕಚೇರಿಯೂ ಯಾರೂ ಕೇಳದೆಯೇ 17 ಬಗೆಯ ವಿವರಗಳನ್ನು ಪ್ರಕಟಿಸಬೇಕೆಂದು ವಿಧಿಸುತ್ತದೆ. ನಿರ್ಣಯವು ಯಾವ ಕ್ರಮದಲ್ಲಿ, ಯಾರ ಹೊಣೆಯ ಮೇಲೆ ಆಗುತ್ತದೆಂಬುದೂ ಅದರಲ್ಲಿ ಸೇರಿದೆ. ಬಾಧಿತನಾದವನಿಗೆ ನಿರ್ಣಯದ ಕಾರಣವನ್ನು ತಿಳಿಸತಕ್ಕದ್ದೆಂದೂ ಅದೇ ಕಲಮು ಹೇಳುತ್ತದೆ. ಗ್ರಾಮ ಪಂಚಾಯತುಗಳಿಗೆ ವರ್ಷಕ್ಕೊಮ್ಮೆ ಜಮಾಬಂದಿಯುಂಟು. ಲೆಕ್ಕದ ಪುಸ್ತಕವನ್ನು ಊರವರ ಮುಂದೆ ಬಿಡಿಸಿಡಬೇಕು. ಅಂದಿನ ದಿನ ಊರಿನ ಮೇಷ್ಟ್ರು, ವಕೀಲರು, ನಿವೃತ್ತ ಬ್ಯಾಂಕು ಅಧಿಕಾರಿಗಳು ಎಲ್ಲಿರುತ್ತಾರೆ? ಲೆಕ್ಕ ಓದಬಲ್ಲವರು ಮನೆಯಲ್ಲಿ ಕುಳಿತು ಶ್ವೇತಭವನದ ಸುದ್ದಿ ಓದುತ್ತಿದ್ದರೆ, ಓದಲಾರದವರ ಮುಂದೆ ಲೆಕ್ಕವು ತೆರೆದರೇನು, ಮುಚ್ಚಿದರೇನು?

ಆದುದರಿಂದ ಈ ಮನೆಗಳು ಮಾಡತಕ್ಕ ಕೆಲಸ ಸಣ್ಣದು, ಆದರೆ ಬಿಡದೆ ಮಾಡತಕ್ಕದ್ದು. ತಮ್ಮ ಅರ್ಜಿಯನ್ನು ತಾವೇ ಕೊಟ್ಟು, ಟಪಾಲಿನ ನಂಬರನ್ನು ಪಡೆದು, ಅವಧಿ ತಪ್ಪಿದರೆ ಕಾರಣವನ್ನು ಲಿಖಿತವಾಗಿ ಕೇಳುವುದು. ವರ್ಷಕ್ಕೊಮ್ಮೆ ಪಂಚಾಯತಿನ ಜಮಾಬಂದಿಗೆ ಹೋಗಿ ಒಂದು ಗಂಟೆ ಕುಳಿತು ಓದುವುದು. ಊರಿನ ವಾಚನಾಲಯ, ಯುವಕ ಮಂಡಲಗಳು ಮೂರೂ ತಾಲೂಕು ಕಚೇರಿಗಳಿಂದ ಆ 17 ವಿವರಗಳನ್ನು ತರಿಸಿ, ಯಾರು ಬೇಕಾದರೂ ನೋಡುವಂತೆ ಒಂದು ಕಪಾಟಿನಲ್ಲಿಡುವುದು. ಕೇಳುವವರು ಹತ್ತು ಮಂದಿಯಾದರೆ ಗುಮಾಸ್ತನು ಜಾಗ್ರತೆಯಿಂದ ಬರೆಯುತ್ತಾನೆ. ನೂರು ಮಂದಿಯಾದರೆ ಪ್ರಾಮಾಣಿಕನಾದ ಅಧಿಕಾರಿಗೂ ಮೇಲಿನವರ ಒತ್ತಾಯವನ್ನು ತಡೆಯಲು ಒಂದು ಆಸರೆಯಾಗುತ್ತದೆ. ಶಿರೂರಿನ ಮುದುಕಿಗೆ ಈ ಬುದ್ಧಿಯನ್ನು ಯಾರೂ ಹೇಳಬೇಕಾಗಿಲ್ಲ. ಅವಳು ಈಗಲೂ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಜಗಲಿಯಲ್ಲಿ ನಿಂತಿದ್ದಾಳೆ. ಅವಳ ಜೊತೆಗೆ ನಿಂತು ಆ ಚೀಟಿಯನ್ನು ಓದಿ ಹೇಳುವವರು ಬೇಕಾಗಿದ್ದಾರೆ.