ನಮ್ಮ ರಸ್ತೆಗೆ ನಮ್ಮದೇ ಮೋಟಾರು



ಸಂಜೆ ಹೊತ್ತು ವಿಜಯನಗರದ ಮೆಟ್ರೊ ನಿಲ್ದಾಣದ ಕೆಳಗೆ ಐದು ನಿಮಿಷ ನಿಂತು ನೋಡಿ. ಕಾರುಗಳು ನಾಲ್ಕು ಮಾರು ಮುಂದೆ ಹೋಗುತ್ತವೆ, ಬ್ರೇಕ್ ಹಾಕಿ ನಿಲ್ಲುತ್ತವೆ. ಮತ್ತೆ ನಾಲ್ಕು ಮಾರು, ಮತ್ತೆ ಬ್ರೇಕ್. ಪೆಟ್ರೋಲ್ ಸುಟ್ಟು ಪಡೆದ ಚಲನಶಕ್ತಿ ಪ್ರತಿ ಬ್ರೇಕಿಗೂ ಶಾಖವಾಗಿ ಗಾಳಿಗೆ ಸೇರುತ್ತದೆ.

ಈ ನಷ್ಟವನ್ನು ತಗ್ಗಿಸಲು ಬಂದದ್ದೇ ಹೈಬ್ರಿಡ್ ವಾಹನ. ಇದರಲ್ಲಿ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು ಮತ್ತು ಬ್ಯಾಟರಿ ಇರುತ್ತವೆ. ನಿಂತ ಕಾರು ಹೊರಡುವಾಗ ಮೋಟಾರು ತಳ್ಳುತ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟಾರು ಡೈನಮೊ ಆಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ. ನಿಮ್ಮ ತಲೆಯ ಮೇಲೆ ಹಾದುಹೋಗುವ ಮೆಟ್ರೊ ರೈಲೂ ಬ್ರೇಕ್ ಹಾಕುವಾಗ ಹೀಗೆಯೇ ವಿದ್ಯುತ್ತನ್ನು ಮರಳಿಸುತ್ತದೆ. ಕೆಂಗೇರಿ ದಾಟಿದರೆ ಸಿಗುವ ಬಿಡದಿಯಲ್ಲಿ 2013ರಲ್ಲೇ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು.

"ಮೋಟಾರು ಹಳೆಯ ಯಂತ್ರ, ಅದರಲ್ಲಿ ಹೊಸದೇನಿದೆ?" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವುದನ್ನು ಮೈಕೆಲ್ ಫ್ಯಾರಡೆ 1821ರಲ್ಲೇ ತೋರಿಸಿದರು, ನಿಜ. ಆದರೆ ಕಾರಿನ ಮೋಟಾರು ಇಕ್ಕಟ್ಟಿನ ಜಾಗದಲ್ಲಿ ಕೂರಬೇಕು, ಹಗುರವಾಗಿರಬೇಕು, ಶಾಖ ತಾಳಬೇಕು. ಹೆಚ್ಚು ವಿದ್ಯುತ್ ಹರಿಸಿದರೆ ಬಲ ಹೆಚ್ಚುತ್ತದೆ, ಸುರುಳಿಯೂ ಬಿಸಿಯಾಗುತ್ತದೆ. ದಪ್ಪ ತಂತಿ ಸುತ್ತಿದರೆ ಬಿಸಿ ಕಡಿಮೆ, ತೂಕ ಹೆಚ್ಚು. ಇವುಗಳ ನಡುವೆ ಹದ ಕಂಡುಕೊಳ್ಳುವುದೇ ವಿನ್ಯಾಸ.

ಹೈಬ್ರಿಡ್ ಕಾರಿನ ಮೋಟಾರಿನಲ್ಲಿ ಸಾಮಾನ್ಯವಾಗಿ ನಿಯೋಡಿಮಿಯಂ ಅಯಸ್ಕಾಂತ ಇರುತ್ತದೆ. ಅದು ಪುಟ್ಟದಾದರೂ ಬಲಶಾಲಿ. ಆದರೆ ಶಾಖ ಮಿತಿಮೀರಿದರೆ ಅದರ ಕಾಂತಶಕ್ತಿ ಕುಂದುತ್ತದೆ. ಅದನ್ನು ತಡೆಯಲು ಡಿಸ್‌ಪ್ರೋಸಿಯಂನಂಥ ಲೋಹ ಬೆರೆಸುತ್ತಾರೆ. ಇಂಥ ಅಯಸ್ಕಾಂತಗಳ ಬಹುಪಾಲು ತಯಾರಾಗುವುದು ಚೀನಾದಲ್ಲಿ. 2025ರ ಏಪ್ರಿಲ್‌ನಲ್ಲಿ ಆ ದೇಶ ರಫ್ತಿಗೆ ನಿರ್ಬಂಧ ಹಾಕಿದಾಗ ನಮ್ಮ ವಾಹನ ತಯಾರಕರೂ ಚಿಂತೆಗೀಡಾದರು.

ಅಯಸ್ಕಾಂತವನ್ನೇ ಇಡದ ಮೋಟಾರುಗಳೂ ಇವೆ. ಹೊಲದ ಪಂಪ್‌ಸೆಟ್ಟಿನಲ್ಲಿರುವ ಇಂಡಕ್ಷನ್ ಮೋಟಾರು ಅಂಥದ್ದು. ಅದಕ್ಕೆ ತಾಮ್ರ, ಉಕ್ಕು, ಅಲ್ಯುಮಿನಿಯಂ ಸಾಕು. ಆದರೆ ಅಷ್ಟೇ ಬಲ ಬೇಕೆಂದರೆ ಗಾತ್ರ ತುಸು ಹೆಚ್ಚು, ಶಕ್ತಿಯ ನಷ್ಟವೂ ತುಸು ಹೆಚ್ಚು. ಈ ಕೊರತೆ ನೀಗಿಸುವ ಕೆಲಸ ನಮ್ಮದಾಗಬೇಕು ಎಂಬುದು ನನ್ನ ಅಭಿಪ್ರಾಯ. ನಿಂತು ನಿಂತು ಸಾಗುವ ನಮ್ಮ ರಸ್ತೆ, ನಮ್ಮ ಬಿಸಿಲು, ನಮಗೆ ಸಿಗುವ ಲೋಹ, ಇವುಗಳನ್ನು ಬಲ್ಲವರು ನಾವೇ ತಾನೆ? 2001ರಲ್ಲಿ ರೇವಾ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ ಊರು ನಮ್ಮದು.

ನೀವು ಇಂದೇ ಆರಂಭಿಸಬಹುದು. ಬ್ಯಾಟರಿ ಆಟಿಕೆಯ ಮೋಟಾರನ್ನು ಶಾಲೆಗೆ ತನ್ನಿ. ಅದರ ಎರಡು ತಂತಿಗಳನ್ನು ಗ್ಯಾಲ್ವನೋಮೀಟರಿಗೆ ಜೋಡಿಸಿ, ಕಡ್ಡಿಯನ್ನು ಬೆರಳಿನಿಂದ ತಿರುಗಿಸಿ. ಮುಳ್ಳು ಅಲುಗುತ್ತದೆ! ಬ್ರೇಕ್ ಹಾಕಿದ ಹೈಬ್ರಿಡ್ ಕಾರಿನಲ್ಲಿ ನಡೆಯುವುದೂ ಇದೇ. ಆಮೇಲೆ ಕೆಟ್ಟುಹೋದ ಇನ್ನೊಂದು ಆಟಿಕೆ ಮೋಟಾರನ್ನು ಬಿಚ್ಚಿ, ಅಯಸ್ಕಾಂತ ಎಷ್ಟು, ಸುರುಳಿ ಎಷ್ಟು ಎಣಿಸಿ. ಮನೆಯ ಪ್ಲಗ್ಗಿಗೆ ಹಾಕುವ ಯಾವ ಉಪಕರಣವನ್ನೂ ಬಿಚ್ಚಬೇಡಿ.

ಬಿಚ್ಚಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದರಲ್ಲಿ ನಾನು ಏನನ್ನು ಬದಲಿಸಬಲ್ಲೆ?