ಭಾಂಡುಪ್‌ನಲ್ಲಿ ನಿಲ್ಲದ ರೈಲು

ಕುರ್ಲಾ ಟರ್ಮಿನಸ್‌ನಿಂದ ಮಂಗಳೂರಿಗೆ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಭಾಂಡುಪ್‌ನಲ್ಲಿ ನಿಲ್ಲುವುದಿಲ್ಲ. ಹತ್ತಬೇಕಾದರೆ ಠಾಣೆಗೆ ಹೋಗಬೇಕು. ಆದರೂ ಇಲ್ಲಿನ ಕರಾವಳಿ ಮೂಲದವರಿಗೆ ಅದು ‘ನಮ್ಮ ಗಾಡಿ’. ಜಾರ್ಜ್ ಫರ್ನಾಂಡಿಸ್ ಹೆಸರೆತ್ತಿದರೆ ಮೊದಲು ಬರುವ ಮಾತೂ ಕೊಂಕಣ ರೈಲ್ವೆಯದೇ. 1999ರ ಕಾರ್ಗಿಲ್ ಯುದ್ಧದ ಕಾಲಕ್ಕೆ ದೇಶದ ರಕ್ಷಣಾ ಸಚಿವರಾಗಿದ್ದವರೂ ಇವರೇ ಎನ್ನುವುದು ಯಾರಾದರೂ ನೆನಪಿಸಿದ ಮೇಲೆ.

ರೈಲಿನ ಋಣ ಸಣ್ಣದಲ್ಲ. ಜಾರ್ಜ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿಲೋಮೀಟರ್ ಹಳಿ 1998ರಲ್ಲಿ ಪೂರ್ತಿ ತೆರೆಯಿತು. ಅಮೆರಿಕದ ಲಿಂಕನ್ ಕೂಡ ಅಂತರ್ಯುದ್ಧದ ನಡುವೆಯೇ, 1862ರಲ್ಲಿ, ಪೆಸಿಫಿಕ್ ಕಡೆಗೆ ರೈಲು ಹಾಕುವ ಕಾನೂನಿಗೆ ಸಹಿ ಹಾಕಿದ್ದರು. ಆದರೆ ಅವರ ಯುದ್ಧನಾಯಕತ್ವದ ಚರ್ಚೆ ನಡೆಯುವುದು ಅವರು ಆರಿಸಿದ, ಕಿತ್ತುಹಾಕಿದ ಸೇನಾಪತಿಗಳ ಬಗ್ಗೆ, ಗುಲಾಮಗಿರಿಯ ವಿಷಯದಲ್ಲಿ ತೋರಿದ ತಡದ ಬಗ್ಗೆ. ರೈಲಿನ ಲೆಕ್ಕ ಬೇರೆ. ಜಾರ್ಜ್ ವಿಷಯದಲ್ಲಿ ನಾವು ಈ ಎರಡು ಲೆಕ್ಕಗಳನ್ನು ಬೆರೆಸಿಬಿಟ್ಟಿದ್ದೇವೆ.

ರಕ್ಷಣಾ ಸಚಿವರಾಗಿ ಅವರ ದೊಡ್ಡ ಗುಣ ಮುಂಬೈಯ ಗೋದಿಯಲ್ಲಿ ಕಲಿತದ್ದು. ಕೆಲಸಗಾರ ನಿಂತಿರುವ ಜಾಗಕ್ಕೆ ತಾನೇ ಹೋಗಬೇಕು ಎಂಬುದು ಕಾರ್ಮಿಕ ನಾಯಕನ ಅಭ್ಯಾಸ. ಆ ಅಭ್ಯಾಸವೇ ಅವರನ್ನು ಮತ್ತೆಮತ್ತೆ ಸಿಯಾಚಿನ್‌ಗೆ ಕರೆದೊಯ್ದಿತು. ಅಲ್ಲಿನ ಸೈನಿಕರಿಗೆ ಬೇಕಾದ ಹಿಮವಾಹನಗಳ ಕಡತವನ್ನು ದೆಹಲಿಯ ಅಧಿಕಾರಿಗಳು ಎಳೆದಾಡಿದಾಗ, ಅವರನ್ನೇ ಹಿಮನದಿಗೆ ಹೋಗಿ ನೋಡಿ ಬನ್ನಿ ಎಂದರು. ಸೈನಿಕನನ್ನೂ ದುಡಿಯುವ ಮನುಷ್ಯನಾಗಿ ಕಂಡ ರಕ್ಷಣಾ ಸಚಿವರು ನಮಗೆ ಹೆಚ್ಚು ಸಿಕ್ಕಿಲ್ಲ.

ಕಾರ್ಗಿಲ್‌ನಲ್ಲಿ ಮಾತ್ರ ಆ ಕಣ್ಣು ಸಾಲಲಿಲ್ಲ. ಮೇ ತಿಂಗಳಲ್ಲಿ, ನುಸುಳಿದವರನ್ನು 48 ಗಂಟೆಗಳಲ್ಲಿ ಹೊರಗಟ್ಟುತ್ತೇವೆ ಎಂದರು. ಪಾಕಿಸ್ತಾನದ ಸರ್ಕಾರಕ್ಕೂ ಐಎಸ್‌ಐಗೂ ಇದರಲ್ಲಿ ಕೈಯಿಲ್ಲ ಎಂಬರ್ಥದ ಮಾತನ್ನೂ ಆಡಿದರು. ಯುದ್ಧ ಮುಗಿದದ್ದು ಜುಲೈ 26ಕ್ಕೆ, 527 ಭಾರತೀಯ ಯೋಧರು ಸತ್ತ ಮೇಲೆ. ಗುಪ್ತಚರ ವೈಫಲ್ಯ ಅವರೊಬ್ಬರದಲ್ಲ, ಸರಿ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಿದ್ದು ಅವರದೇ.

ಶವಪೆಟ್ಟಿಗೆ ಖರೀದಿಯ ಆರೋಪ ಅವರಿಗೆ ವರ್ಷಗಟ್ಟಲೆ ಅಂಟಿಕೊಂಡಿತ್ತು. ಸಿಬಿಐ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಅದನ್ನು ಇನ್ನೂ ಎತ್ತುವುದು ಅನ್ಯಾಯ. ಎತ್ತಬೇಕಾದದ್ದು ಬೇರೆ ಇದೆ. ತೆಹಲ್ಕಾ ಪ್ರಕರಣದಲ್ಲಿ 2001ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟವರು, ವಿಚಾರಣಾ ಆಯೋಗದ ಕೆಲಸ ಮುಗಿಯುವ ಮೊದಲೇ, ಅಕ್ಟೋಬರ್‌ನಲ್ಲಿ ಅದೇ ಕುರ್ಚಿಗೆ ಮರಳಿದರು. ವಿರೋಧ ಪಕ್ಷಗಳು ಸಂಸತ್ತಿನಲ್ಲಿ ಅವರ ಮಾತು ಕೇಳಲು ನಿರಾಕರಿಸಿದವು. 1974ರ ಮೇ ತಿಂಗಳಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಿದ ಜಾರ್ಜ್, ಇನ್ನೊಬ್ಬ ಸಚಿವ ಹೀಗೆ ಮಾಡಿದ್ದರೆ ಸುಮ್ಮನಿರುತ್ತಿದ್ದರೇ? ಮತ್ಸ್ಯಗಂಧದಲ್ಲಿ ಊರಿಗೆ ಹೋಗುವವರು ಕೇಳಬಹುದಾದ ಪ್ರಶ್ನೆ ಇದು. ಸುರಂಗಗಳು ಶುರುವಾಗುವ ತನಕ ಬೇಕಾದಷ್ಟು ಹೊತ್ತೂ ಇರುತ್ತದೆ.