ದಡಾರ ‘ಬಂದು ಹೋಗುವ’ ಕಾಯಿಲೆಯೇ?

‘ದಡಾರ ಎಲ್ಲ ಮಕ್ಕಳಿಗೂ ಬರುವಂಥದ್ದು. ಬಂದು ಹೋದರೆ ಮಗು ಗಟ್ಟಿಯಾಗುತ್ತದೆ. ಚುಚ್ಚುಮದ್ದು ಯಾಕೆ?’ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಮಾತ್ರವಲ್ಲ, ಪದವೀಧರ ತಂದೆಯಂದಿರೂ ಆಡುತ್ತಾರೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ಆರಂಭವಾದಾಗ ಹಬ್ಬಿದ ವದಂತಿಗಳಿಗೆ ಉತ್ತರಿಸುವ ಉತ್ಸಾಹ ನಮಗಿಲ್ಲ. ಆದರೆ ‘ಗಟ್ಟಿಯಾಗುತ್ತದೆ’ ಎಂಬ ಈ ವಾದವನ್ನು ಪರಿಶೀಲಿಸಲೇಬೇಕು. ಏಕೆಂದರೆ ಅದು ಅರ್ಧ ಸತ್ಯ.

ಸತ್ಯದ ಅರ್ಧ ಭಾಗಕ್ಕೆ ಡೆನ್ಮಾರ್ಕಿನ ಫೆರೋ ದ್ವೀಪಗಳೇ ಸಾಕ್ಷಿ. 1846ರಲ್ಲಿ ಅಲ್ಲಿನ ಎಂಟು ಸಾವಿರಕ್ಕೂ ಕಡಿಮೆ ಜನರಲ್ಲಿ ಸುಮಾರು ಆರು ಸಾವಿರ ಮಂದಿಗೆ ದಡಾರ ತಗುಲಿತು. ಆದರೆ 1781ರಲ್ಲಿ ಬಾಲ್ಯದಲ್ಲೇ ಅದನ್ನು ಅನುಭವಿಸಿದ್ದ ಮುದುಕರನ್ನು ಅದು ಮುಟ್ಟಲಿಲ್ಲವೆಂದು ವೈದ್ಯ ಪೀಟರ್ ಪಾನಮ್ ದಾಖಲಿಸಿದರು. ಅರುವತ್ತೈದು ವರ್ಷಗಳ ಬಳಿಕವೂ ಶರೀರ ಆ ಶತ್ರುವನ್ನು ಮರೆತಿರಲಿಲ್ಲ!

ಚರ್ಮ, ಲೋಳೆ ಮತ್ತು ಜಠರದ ಆಮ್ಲವನ್ನು ದಾಟಿ ಒಳನುಗ್ಗುವ ರೋಗಾಣುವನ್ನು ಕೆಲವು ಬಿಳಿ ರಕ್ತಕಣಗಳು ಪೂರ್ವಾಪರ ವಿಚಾರಿಸದೆ ನುಂಗುತ್ತವೆ. ಇನ್ನು ಕೆಲವು ಅದರ ಗುರುತು ಹಿಡಿದು, ಅದಕ್ಕೆಂದೇ ಪ್ರತಿಕಾಯಗಳನ್ನು ತಯಾರಿಸುತ್ತವೆ. ಮೊದಲ ಸಲ ಇದಕ್ಕೆ ಹಲವು ದಿನಗಳು ಬೇಕು. ಹೋರಾಟ ಮುಗಿದ ಮೇಲೆ ಹೆಚ್ಚಿನ ಕಣಗಳು ಸಾಯುತ್ತವೆ. ನೆನಪನ್ನು ಹೊತ್ತ ಕೆಲವು ಮಾತ್ರ ಉಳಿದು, ಅದೇ ರೋಗಾಣು ಮರಳಿದರೆ ಕೂಡಲೇ ಎದುರಿಸುತ್ತವೆ. ರೋಗನಿರೋಧಕ ಶಕ್ತಿ ಎಂದು ನಾವು ಕರೆಯುವುದು ಬಹುಪಾಲು ಈ ನೆನಪನ್ನೇ. ಇದು ಡಬ್ಬಿಯಲ್ಲಿ ತುಂಬಿ ಮಾರುವ ಸರಕಲ್ಲ.

ದಡಾರದ ವೈರಸ್ ಎರಗುವುದು ನೆನಪನ್ನು ಹೊತ್ತ ಇದೇ ಕಣಗಳ ಮೇಲೆ. ನೆದರ್‌ಲ್ಯಾಂಡ್ಸ್‌ನಲ್ಲಿ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ದಡಾರ ಬರುವ ಮೊದಲು ಮತ್ತು ಬಂದು ಹೋದ ಬಳಿಕ ಪರೀಕ್ಷಿಸಲಾಯಿತು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಇತರ ರೋಗಾಣುಗಳ ವಿರುದ್ಧ ಅವರು ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ಅಳಿಸಿ ಹೋಗಿದ್ದವು. ಅಂದರೆ ಆ ಮಗು ದಡಾರವೊಂದರ ಮಟ್ಟಿಗೆ ಗಟ್ಟಿಯಾಗಿ, ಮಿಕ್ಕ ರೋಗಗಳ ಮುಂದೆ ಮತ್ತೆ ಹಸುಗೂಸಾಯಿತು. ಲಸಿಕೆ ಪಡೆದ ಮಕ್ಕಳಲ್ಲಿ ಈ ನಷ್ಟ ಕಾಣಲಿಲ್ಲ. ದುರ್ಬಲಗೊಳಿಸಿದ ವೈರಸ್ಸಿನಿಂದ ಶರೀರ ಪಾಠ ಕಲಿಯುತ್ತದೆ. ಕೆಲವರಿಗೆ ಒಂದೆರಡು ದಿನ ಜ್ವರ ಬರಬಹುದು, ಅಷ್ಟೇ.

ಅಂದಹಾಗೆ, ಆ ಮಕ್ಕಳ ಹೆತ್ತವರು ಲಸಿಕೆಯನ್ನು ದೇವಸಂಕಲ್ಪದಲ್ಲಿ ಹಸ್ತಕ್ಷೇಪವೆಂದು ಭಾವಿಸುವ ಸಂಪ್ರದಾಯಸ್ಥ ಪ್ರೊಟೆಸ್ಟೆಂಟರ ನಡುವಿನವರು. ನಮ್ಮಲ್ಲೂ ‘ತವಕ್ಕುಲ್’ ಎಂಬ ಪದವನ್ನು ಇದೇ ಅರ್ಥದಲ್ಲಿ ಬಳಸುವವರಿದ್ದಾರೆ. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಸಾವಿರ ವರ್ಷಗಳ ಹಿಂದೆಯೇ ಗ್ರಂಥ ಬರೆದ ಅಲ್ ರಾಝಿಯ ಹೆಸರನ್ನು ಭಾಷಣಗಳಲ್ಲಿ ಹೆಮ್ಮೆಯಿಂದ ಉಚ್ಚರಿಸುವವರೂ ಇವರೇ!

ಮೊದಲ ಚುಚ್ಚುಮದ್ದು ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ, ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ, ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಮನೆಯಲ್ಲಿರುವ ತಾಯಿ ಕಾರ್ಡನ್ನು ಇಂದೇ ಹೊರತೆಗೆದು, ಎರಡನೆಯದರ ಮುಂದೆ ದಿನಾಂಕ ಬಿದ್ದಿದೆಯೇ ಎಂದು ತಂದೆಯಂದಿರೂ ಒಮ್ಮೆ ನೋಡಲಿ.